ಹದಿನೈದು ದಿನದ ಕಾಗದ

ನಮ್ಮೂರು ಕಮಲಾಪುರ, ಕೆಂಪು ಬಾಳೆಯ ಊರು. ಡಿಗ್ರಿ ಓದಲು ಕಲಬುರಗಿಗೆ ಬಂದಾಗ ಅದಿನ್ನೂ ಗುಲಬರ್ಗಾ. ಶರಣಬಸವೇಶ್ವರ ಗುಡಿಯ ಹತ್ತಿರ ಖೋಲಿ ಹಿಡಿದೆ. ಕರಾರು ಬಾಯಿಮಾತಿನದು. ಮುಂಗಡ ಮಾತ್ರ ಅಪ್ಪ ಬಾಳೆ ಮಾರಿ ತಂದದ್ದು.

ಪರೀಕ್ಷೆ ಮುಗಿದು ಗಂಟು ಕಟ್ಟಿದಾಗ ಮಾಲೀಕರು, 'ಹೇಳದ ಕೇಳದ ಹೊಂಟೀಯೇನು? ಮುಂಗಡ ಕೊಡಂಗಿಲ್ಲ' ಎಂದರು. ಕಣ್ಣಲ್ಲಿ ನೀರು ಬಂತು. ಓಣಿಯ ವಕೀಲರೊಬ್ಬರು ಸಮಾಧಾನ ಹೇಳಿದರು: 'ತಪ್ಪು ನಿಂದೂ ಐತಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ, 106ನೇ ಕಲಮು. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಹದಿನೈದು ದಿನದ ಲಿಖಿತ ನೋಟಿಸು ಬೇಕು. ಸಹಿ ಮಾಡಿ ಕೊಡು.'

ಆಗ ಆ ಗಡುವು ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು. 2002ರ ತಿದ್ದುಪಡಿಯ ನಂತರ ನೋಟಿಸು ಕೈಸೇರಿದ ದಿನದಿಂದಲೇ ಎಣಿಕೆ. ಕರಾರುಪತ್ರವಿದ್ದರೆ ಅದರಲ್ಲಿ ಬರೆದ ಅವಧಿಯೇ ಮೊದಲು.

ಕಾಗದ ಕೊಟ್ಟೆ. ಗೋಡೆಯ ಮೊಳೆ ಕಿತ್ತು, ಖೋಲಿ ಗುಡಿಸಿ, ಬೀಗದ ಕೈ ಒಪ್ಪಿಸಿದ್ದಕ್ಕೆ ಚೀಟಿ ಬರೆಸಿಕೊಂಡೆ. ಒಂದು ತಿಂಗಳ ಬಾಡಿಗೆ ಹೆಚ್ಚಿಗೆ ಹೋಯಿತು, ಉಳಿದದ್ದು ಬಂತು. ಅಪ್ಪ ಬೈಯಲಿಲ್ಲ; ಅದೇ ಹೆಚ್ಚು ನೋಯಿಸಿತು.

ಈ ವರ್ಷ ಮಗಳು ಕಲಬುರಗಿಗೆ ಹೊರಟಿದ್ದಾಳೆ. ಖೋಲಿ ನೋಡುವ ಮೊದಲು ಕರಾರುಪತ್ರ ಓದಲು ಕೂರಿಸಿದ್ದೇನೆ. ಪಾಲಕರೇ, ಮನೆ ಹಿಡಿಯುವ ದಿನವೇ ಬಿಡುವ ದಾರಿಯನ್ನೂ ಕೇಳಿಕೊಳ್ಳಿ.