ಒಂದಕ್ಷರದ ಕ್ಲೇಮು

ಷೆಂಗೆನ್ ವೀಸಾ ಬೇಕು ಅಂದ್ರೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಲೇಬೇಕು. ಅಪ್ಪ-ಅಮ್ಮ ಮೂರು ವಾರಕ್ಕೆ ಅಂತ ಮ್ಯೂನಿಕ್‌ಗೆ ನನ್ನ ಹತ್ತಿರ ಬಂದಾಗ ಅವರಿಗೂ ಮಾಡಿಸಿದ್ದೆ. ವೀಸಾ ಫೈಲಿಗೆ ಇನ್ನೊಂದು ಕಾಗದ, ಅಷ್ಟೇ ಅಂತ ಅಪ್ಪನ ಲೆಕ್ಕ.

ಎರಡನೇ ವಾರ, ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆನೋವು. ಆಸ್ಪತ್ರೆ ಹತ್ತಿರವೇ ಇತ್ತು, ಟ್ಯಾಕ್ಸಿಯಲ್ಲಿ ಓಡಿದೆವು. ಇಸಿಜಿ, ಎರಡು ಸಲ ರಕ್ತಪರೀಕ್ಷೆ.. ಬೆಳಗಿನ ಜಾವ ಡಾಕ್ಟರು ಬಂದು "ಹೃದಯ ಗಟ್ಟಿಯಾಗಿದೆ, ಸೂಟ್‌ಕೇಸ್ ಎತ್ತಿ ಸ್ನಾಯು ಹಿಡಿದಿದೆ" ಅಂದರು. ಅಮ್ಮ ಅಲ್ಲೇ ಕೂತು ಅತ್ತರು.

ಅಲ್ಲಿ ಬಿಲ್ಲು ಆಮೇಲೆ ಅಂಚೆಯಲ್ಲಿ ಬರುತ್ತೆ. ಇವರಿಬ್ಬರೂ ಶಿವಮೊಗ್ಗ ಸೇರಿದ ಮೇಲೆ ಬಂತು - 612 ಯೂರೋ, ಪೂರ್ತಿ ಜರ್ಮನ್‌ನಲ್ಲಿ. ಅಡ್ಮಿಟ್ ಆಗದಿದ್ದರೆ ಕ್ಯಾಶ್‌ಲೆಸ್ ಇಲ್ಲ, ಮೊದಲು ಕಟ್ಟಿ ಆಮೇಲೆ ಕೇಳಿ ಅಂತ ವಿಮೆಯವರು ಆ ರಾತ್ರಿಯೇ ಫೋನಿನಲ್ಲಿ ಹೇಳಿದ್ದರು. ಕಟ್ಟಿದೆ. ಕ್ಲೇಮ್ ಫಾರಂ, ಬಿಲ್ಲು, ರಿಪೋರ್ಟು, ಹಣ ಕಟ್ಟಿದ ರಸೀದಿ, ಕ್ಯಾನ್ಸಲ್ಡ್ ಚೆಕ್ ಎಲ್ಲ ಹೋಯ್ತು. ಪಾಸ್‌ಪೋರ್ಟಿನ ಮುದ್ರೆ ಎಲ್ಲಿ ಅಂದರು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಮುದ್ರೆ ಬಿಟ್ಟು ಹಂತ ಹಂತವಾಗಿ ಕಂಪ್ಯೂಟರಿನಲ್ಲೇ ದಾಖಲಿಸೋಕೆ ಶುರು ಮಾಡಿದ್ದಾರಲ್ಲ! ಬೋರ್ಡಿಂಗ್ ಪಾಸ್ ಕಳಿಸಿದೆವು.

ತಿಂಗಳಾದ ಮೇಲೆ ಉತ್ತರ: "ಮೊದಲೇ ಇದ್ದ ಹೃದ್ರೋಗ. ಕ್ಲೇಮ್ ತಿರಸ್ಕೃತ."

ಬಿಲ್ಲು ತೆಗೆದು ನೋಡಿದೆ. ಕಾಯಿಲೆಗಳಿಗೆ ಐಸಿಡಿ-10 ಅನ್ನೋ ಅಂತರರಾಷ್ಟ್ರೀಯ ಕೋಡ್ ಇದೆ. ಬಿಲ್ಲಿನಲ್ಲಿ 'ಆರ್07.4 ಜಿ' ಅಂತಿತ್ತು, ಅಂದ್ರೆ ಎದೆನೋವು. ಅದರ ಕೆಳಗೆ 'ಐ25.9 ಎ'. ಐ25.9 ಅಂದ್ರೆ ದೀರ್ಘಕಾಲದ ಹೃದ್ರೋಗ. ಆದರೆ ಜರ್ಮನಿಯಲ್ಲಿ ಕೋಡಿನ ಕೊನೆಗೆ ಒಂದು ಅಕ್ಷರ ಸೇರಿಸ್ತಾರೆ: ಜಿ ಅಂದ್ರೆ ಖಚಿತ, ವಿ ಅಂದ್ರೆ ಅನುಮಾನ, ಝಡ್ ಅಂದ್ರೆ ಹಿಂದೆ ಇದ್ದದ್ದು, ಎ ಅಂದ್ರೆ "ಪರೀಕ್ಷಿಸಿದೆವು, ಇದಲ್ಲ"! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೋಗ್ರಾಮಿನಲ್ಲಿ 'ನಾಟ್' ಬಿಟ್ಟು ಉಳಿದದ್ದನ್ನು ಓದಿದ ಹಾಗೆ :-)

ಆದರೆ ನಗೋ ವಿಷಯ ಆಗಿರಲಿಲ್ಲ. ಅಪ್ಪ ಫೋನಿನಲ್ಲಿ "ಹೋಗ್ಲಿ ಬಿಡೋ ಮಾರಾಯ, ದುಡ್ಡು ತಾನೆ" ಅಂದರು. ಅಮ್ಮ ಆಮೇಲೆ ಮೆಲ್ಲಗೆ ಹೇಳಿದ್ದು - ಅಪ್ಪ ಬೆಳಗಿನ ವಾಕಿಂಗ್ ನಿಲ್ಲಿಸಿದ್ದಾರೆ, ಮೆಟ್ಟಿಲು ಹತ್ತೋಕೆ ಹೆದರ್ತಾರೆ. "ಡಾಕ್ಟರು ನಿನ್ನ ಹತ್ರ ಏನೋ ಮುಚ್ಚಿಟ್ಟಿದ್ದಾರೆ, ಇಲ್ಲಾಂದ್ರೆ ಅಷ್ಟು ದೊಡ್ಡ ಕಂಪನಿ ಯಾಕೆ ಹಾಗೆ ಬರೀತಿತ್ತು" ಅಂತ ಅವರ ವಾದ. ಮುಂದೆ ಬೇರೆ ಪಾಲಿಸಿ ಮಾಡಿಸೋಕೆ ಹೋದರೂ ಈ ಹಣೆಪಟ್ಟಿ ಬೆನ್ನು ಬಿಡೋದಿಲ್ಲ ಅನ್ನೋ ಚಿಂತೆ ನನಗೆ.

ಆಸ್ಪತ್ರೆಗೆ ಬರೆದೆ. ಎರಡೇ ಸಾಲಿನ ಇಂಗ್ಲಿಷ್ ಪತ್ರ ಕೊಟ್ಟರು: ಹೃದ್ರೋಗ ಇಲ್ಲ ಎಂದು ಪರೀಕ್ಷೆಯಿಂದ ಖಚಿತವಾಗಿದೆ. ಅದನ್ನು ವಿಮೆ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಅವರೂ ಒಪ್ಪದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿ ಇತ್ತು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಅದರ ಅಗತ್ಯ ಬೀಳಲಿಲ್ಲ. ಪಾಲಿಸಿಯಲ್ಲಿ ನಾವೇ ಭರಿಸಬೇಕು ಅಂತಿದ್ದ ಮೊದಲ 100 ಡಾಲರ್ ಕಳೆದು ಉಳಿದದ್ದು ಅಪ್ಪನ ಖಾತೆಗೆ ಬಂತು. ಅಪ್ಪ ಬ್ಯಾಂಕಿನ ಮೆಸೇಜ್ ಸರಿಯಾಗಿ ನೋಡಲೂ ಇಲ್ಲ. ಆ ಎರಡು ಸಾಲಿನ ಪತ್ರವನ್ನು ಮಾತ್ರ ನನ್ನಿಂದ ಮೂರು ಸಲ ಓದಿಸಿಕೊಂಡು, ಪ್ರಿಂಟ್ ತೆಗೆಸಿ ಎಲ್‌ಐಸಿ ಬಾಂಡುಗಳ ಜೊತೆ ಬೀರುವಿನಲ್ಲಿಟ್ಟಿದ್ದಾರೆ.

ನಿಮ್ಮ ಮನೆಯವರೂ ಹೊರಡೋರಿದ್ದರೆ ಒಂದು ಮಾತು: ಪರದೇಶದ ಆಸ್ಪತ್ರೆಯಿಂದ ಹೊರಡೋ ಮುಂಚೆ, ಇದ್ದ ಕಾಯಿಲೆ ಯಾವುದು, ಇಲ್ಲದ್ದು ಯಾವುದು ಅಂತ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಎರಡು ಸಾಲು ಸಾಕು.