ಪುಲ್ಲಿ ಬಿಚ್ಚುವುದಕ್ಕೂ ಒಂದು ದಿನ

ಅಡಿಕೆ ತೋಟ ಇರುವವರಿಗೆ ಮೇ ಕೊನೆಯ ವಾರ ಅಂದರೆ ಪರೀಕ್ಷೆಯ ಹಿಂದಿನ ರಾತ್ರಿ ಇದ್ದ ಹಾಗೆ. ಮಳೆ ಹಿಡಿಯುವುದರೊಳಗೆ ಗೊನೆಗಳಿಗೆ ಬೋರ್ಡೋ ಬೀಳಬೇಕು, ಇಲ್ಲದಿದ್ದರೆ ಕೊಳೆರೋಗದ ಭಯ. ಮರ ಹತ್ತುವ ಕೊನೆಗಾರರು ಸಿಗುವುದೇ ಕಷ್ಟ. ಹೋದ ವರ್ಷ ನಮ್ಮ ಪಾಳಿ ಬಂದಿದ್ದು ಒಂದು ಶನಿವಾರ. ಅದು ತಪ್ಪಿದರೆ ಮತ್ತೆ ಹತ್ತು ದಿನ ಕಾಯಬೇಕಿತ್ತು. ಅಲ್ಲಿಯವರೆಗೆ ಮಳೆ ಕಾಯಬೇಕಲ್ಲ?

ಶುಕ್ರವಾರ ಬೆಳಿಗ್ಗೆ ನಾನು ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದಿಳಿದಾಗ ಅಪ್ಪಯ್ಯ ಸ್ಪ್ರೇ ಪಂಪಿನ ಎಂಜಿನ್ ಮುಂದೆ ಕೂತಿದ್ದರು. ಬೆಲ್ಟ್ ಕೂರುವ ಸಂದು ಸವೆದು ಬೆಲ್ಟ್ ಜಾರುತ್ತಿತ್ತು. ಹಾಗಾದರೆ ಪಂಪಿಗೆ ಪ್ರೆಶರ್ ಇಲ್ಲ, ಮರದ ಮೇಲಿರುವವರ ಕೈಗೆ ಔಷಧಿ ಏರುವುದಿಲ್ಲ. ಹೊಸ ಪುಲ್ಲಿ ಪೇಟೆಯಿಂದ ಬಂದಿತ್ತು. ಹಳೆಯದು ಮಾತ್ರ ಕ್ರ್ಯಾಂಕ್‌ಶಾಫ್ಟ್ ಬಿಟ್ಟು ಅಲುಗಲೊಲ್ಲದು.

"ಎರಡೇಟು ಬಿಟ್ರೆ ಬರ್ತದೆ ಮಾರಾಯ. ಸುತ್ತಿಗೆ ತಗಂಡ್ ಬಾ."

ನಾನು ತರಲಿಲ್ಲ. ಶಾಫ್ಟಿನ ತುದಿಗೆ ಬಿದ್ದ ಏಟು ಅಲ್ಲಿಗೇ ನಿಲ್ಲುವುದಿಲ್ಲ, ಒಳಗಿನ ಬೇರಿಂಗಿಗೆ ಹೋಗುತ್ತದೆ. ಪುಲ್ಲಿಯ ಅಂಚಿಗೆ ಹೊಡೆದರೆ ಬೀಡುಕಬ್ಬಿಣ ಸೀಳಬಹುದು, ಶಾಫ್ಟ್ ಬಾಗಬಹುದು. ಹಿಂದಿನಿಂದ ಹಾರೆ ಹಾಕಿ ಮೀಟಿದರೆ ಎಂಜಿನ್ನಿನ ಅಲ್ಯೂಮಿನಿಯಂ ಮೈಯೇ ಬಿರುಕು ಬಿಡಬಹುದು.

ಮೊದಲು ನೋಡಬೇಕಾದ್ದು, ಪುಲ್ಲಿಯನ್ನು ಹಿಡಿದಿಟ್ಟಿರುವುದು ಏನು ಅಂತ. ನಡುವಿನ ದಪ್ಪ ಭಾಗದಲ್ಲಿ ತಲೆಯಿಲ್ಲದ ಒಂದು ಸ್ಕ್ರೂ ಇರುತ್ತದೆ, ಅಲೆನ್ ಕೀಯಲ್ಲಿ ಬಿಚ್ಚುವಂಥದ್ದು. ಅದರ ಕೆಳಗೇ ಇನ್ನೊಂದು ಅಡಗಿರುವುದೂ ಉಂಟು. ಟಾರ್ಚ್ ಬಿಟ್ಟು ನೋಡಿದರೆ ನಮ್ಮದರಲ್ಲೂ ಇತ್ತು! ಎರಡನ್ನೂ ತೆಗೆದ ಮೇಲೆ ಉಳಿದಿದ್ದು ತುಕ್ಕು. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೇ ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುವುದು. ವರ್ಷಗಟ್ಟಲೆ ಅದರ ಹನಿ, ಮಳೆನೀರು ಎರಡೂ ಕುಡಿದ ಶಾಫ್ಟ್ ಅದು.

ಹೊರಗೆ ಕಾಣುವ ಶಾಫ್ಟನ್ನು ಎಮರಿ ಕಾಗದದಲ್ಲಿ ಉಜ್ಜಿ ತುಕ್ಕು ತೆಗೆದೆ, ಪುಲ್ಲಿ ಜಾರಿ ಬರಬೇಕಾದ ದಾರಿ ಅದೇ ತಾನೆ. ಸ್ಕ್ರೂ ತೂತಿಗೆ, ಎರಡೂ ಬದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಸಂಜೆಯವರೆಗೆ ಮೂರು ಸಲ.

"ಎಣ್ಣೆ ಕುಡಿಸ್ತಾ ಕೂತ್ರೆ ಶನಿವಾರ ಬಂದೇಬಿಡ್ತದೆ" ಅಂತ ಅಪ್ಪಯ್ಯನ ಗೊಣಗಾಟ. ಅವರ ಆತಂಕ ಸುಳ್ಳೇನಲ್ಲ, ವರ್ಷದ ಬೆಳೆ ನಿಂತಿರುವುದು ಅದರ ಮೇಲೆ.

ಸಂಜೆ ಪೇಟೆಯ ಗ್ಯಾರೇಜಿನಿಂದ ಮೂರು ಕಾಲಿನ ಪುಲ್ಲರ್ ತಂದೆ. ಅದರ ಕೊಕ್ಕೆಗಳನ್ನು ಪುಲ್ಲಿಯ ಅಂಚಿಗಲ್ಲ, ನಡುವಿನ ದಪ್ಪ ಭಾಗದ ಹಿಂದೆ ಸಿಕ್ಕಿಸಬೇಕು. ಶಾಫ್ಟಿನ ತುದಿಯ ತೂತಿಗೆ ಒಂದು ಬೋಲ್ಟ್ ಹಾಕಿಟ್ಟರೆ ಅಲ್ಲಿನ ಥ್ರೆಡ್ ಹಾಳಾಗುವುದಿಲ್ಲ. ಪುಲ್ಲರಿನ ಗುಣ ಏನೆಂದರೆ, ಪುಲ್ಲಿಯನ್ನು ಎಷ್ಟು ಎಳೆಯುತ್ತದೋ ಶಾಫ್ಟನ್ನು ಅಷ್ಟೇ ಒತ್ತುತ್ತದೆ. ಜಗಳ ಅವೆರಡರ ನಡುವೆಯೇ ಮುಗಿಯುತ್ತದೆ, ಬೇರಿಂಗಿಗೆ ಅದರ ಬಿಸಿ ತಟ್ಟುವುದಿಲ್ಲ.

ಬಿಗಿ ಮಾಡಿದೆ, ಕಾದೆ, ಇನ್ನೊಂದು ಕಾಲು ಸುತ್ತು. ಬರಲಿಲ್ಲ.

ಉಳಿದಿದ್ದು ಬೆಂಕಿ. ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಟ್ಟು, ಕಾರ್ಬುರೇಟರ್ ಖಾಲಿ ಮಾಡಿ, ಎಣ್ಣೆ ಒರೆಸಿ, ಎಂಜಿನ್ನನ್ನು ಅಂಗಳಕ್ಕೆ ತಂದೆವು. ಬ್ಲೋ ಟಾರ್ಚಿನಿಂದ ಪುಲ್ಲಿಯನ್ನಷ್ಟೇ ಕಾಯಿಸಿದ್ದು, ಶಾಫ್ಟನ್ನಲ್ಲ. 20 ಮಿಲಿಮೀಟರ್ ತೂತಿನ ಬೀಡುಕಬ್ಬಿಣ 100 ಡಿಗ್ರಿ ಹೆಚ್ಚು ಬಿಸಿಯಾದರೆ ತೂತು ಹಿಗ್ಗುವುದು ಸುಮಾರು 0.02 ಮಿಲಿಮೀಟರ್, ತಲೆಕೂದಲಿಗಿಂತ ಎಷ್ಟೋ ಕಡಿಮೆ. ಆದರೆ ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕು. ಪುಲ್ಲರ್ ಬಿಗಿಯಾಗಿಯೇ ಇತ್ತು. ಎರಡು ನಿಮಿಷಕ್ಕೆ 'ಟಕ್' ಅಂತ ಒಂದು ಶಬ್ದ. ಪುಲ್ಲಿ ಅರ್ಧ ಇಂಚು ಮುಂದೆ ಬಂದಿತ್ತು.

ರಾತ್ರಿ ಶಾಫ್ಟಿಗೆ ತೆಳುವಾಗಿ ಗ್ರೀಸ್ ಸವರಿ ಹೊಸದನ್ನು ಹಾಕಿದೆವು. ಎರಡು ಪುಲ್ಲಿ ಒಂದೇ ಸಾಲಿನಲ್ಲಿವೆಯೇ ಅಂತ ದಾರ ಹಿಡಿದು ನೋಡಿದ್ದು ಅಪ್ಪಯ್ಯ. ಶನಿವಾರ ಔಷಧಿ ಹೊಡೆದು ಆಯಿತು.

ಈಗ ಪ್ರತಿ ಸಲ ಕೆಲಸ ಮುಗಿದ ಮೇಲೆ ಅವರೇ ಪುಲ್ಲಿ ಒರೆಸಿ ಎಣ್ಣೆ ಹಚ್ಚುತ್ತಾರೆ. ಮನೆಗೊಂದು ಪುಲ್ಲರೂ ಬಂದಿದೆ. ಪಕ್ಕದ ಮನೆಯವರು ಸುತ್ತಿಗೆ ಕೇಳಲು ಬಂದರೆ, "ಎಂತಕ್ಕೆ?" ಅಂತ ಕೇಳಿಯೇ ಕೊಡುವುದು.