ಮೋಡ ಛಲೋ ಅದಾವ

ಹೋದ ವರ್ಷ ನಮ್ಮ ಸೊಸೈಟಿಯ ಗಣೇಶೋತ್ಸವದಲ್ಲಿ ನನ್ನನ್ನು ಜಡ್ಜ್ ಮಾಡಿಬಿಟ್ಟರು. ರಂಗೋಲಿ ಸ್ಪರ್ಧೆಗಲ್ಲ, ಫೋಟೋ ಸ್ಪರ್ಧೆಗೆ. ವಿಷಯ 'ಪಾವುಸ್', ಅಂದರೆ ಮಳೆ. "ಸಾಹೇಬರ ಹತ್ತಿರ ಮೊದಲಿಂದ ಕ್ಯಾಮೆರಾ ಇದೆ, ಅವರೇ ಆಗಲಿ" ಅಂತ ಸೆಕ್ರೆಟರಿ ಮೀಟಿಂಗಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಚಪ್ಪಾಳೆ ಸಿಗುವುದೇ ಅಪರೂಪ ನೋಡಿ, ಒಪ್ಪಿಕೊಂಡೆ.

ಬಂದ ಫೋಟೋಗಳು 43. ಒಂದು ಭಾನುವಾರ ಚಹಾ ಇಟ್ಟುಕೊಂಡು ಒಂದೊಂದಾಗಿ ನೋಡುತ್ತಾ ಹೋದೆ. ಕಪ್ಪು ಮೋಡ, ಇನ್ನೊಂದು ಕಪ್ಪು ಮೋಡ, ಗ್ಯಾಲರಿಯ ಸರಳಿಗೆ ಹನಿ, ಕೊಂಡೇಶ್ವರದ ಜಲಪಾತ, ಚಹಾ ಕಪ್ಪಿನ ಪಕ್ಕ ಕಾಂದಾ ಭಜಿ, ಮತ್ತೆ ಮೋಡ. ಎಲ್ಲವೂ ಚೆನ್ನಾಗಿಯೇ ಇದ್ದವು. ಈಗಿನ ಫೋನಿನಲ್ಲಿ ಕೆಟ್ಟ ಫೋಟೋ ತೆಗೆಯುವುದೇ ಕಷ್ಟ. ಆದರೆ ನೋಡಿದ ಐದು ನಿಮಿಷಕ್ಕೆ ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ಯಾಕೆ? ಜಡ್ಜ್ ಅಂದಮೇಲೆ ಕಾರಣ ಹೇಳಬೇಕಲ್ಲ! ಆ ಕಾರಣ ಹುಡುಕುತ್ತಾ ಹೋಗಿ ಬೇರೆ ಎಲ್ಲಿಗೋ ತಲುಪಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗದಗ ಜಿಲ್ಲೆಯ ಒಂದು ಹಳ್ಳಿಯವನು. ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು, 1991ರಲ್ಲಿ ಮುಂಬೈಗೆ ಬಂದೆ. ಮೊದಲು ಡೊಂಬಿವಲಿಯಲ್ಲಿ ನಾಲ್ಕು ಜನ ಸೇರಿ ಒಂದು ರೂಮು. ಮದುವೆಯಾದ ಮೇಲೆ ನಮ್ಮ ಸಂಬಳಕ್ಕೆ ನಿಲುಕಿದ್ದು ಬದಲಾಪುರದ ಫ್ಲಾಟು. ಸಿಎಸ್‌ಟಿಯಿಂದ 68 ಕಿಲೋಮೀಟರ್. "ಅಷ್ಟು ದೂರ ಹೋದರೆ ಊರಿಗೇ ಹೋದಂಗ ಆತಲ್ಲೋ" ಅಂತ ರೂಮಿನ ಗೆಳೆಯ ನಗುತ್ತಿದ್ದ. ಆದರೆ ಇಲ್ಲಿಯ ಮಳೆಗಾಲ ನೋಡಿದ ಮೇಲೆ ನನಗೆ ದೂರ ಅನ್ನಿಸಲೇ ಇಲ್ಲ. ನಮ್ಮದು ಎರೆಭೂಮಿ, ಮೋಡ ಕಂಡರೆ ಕೈಮುಗಿಯುವ ಸೀಮೆ. ಇಲ್ಲಿ ನೋಡಿದರೆ ಜೂನಿನಿಂದ ನಾಲ್ಕು ತಿಂಗಳು ಚಂದೇರಿ ಗುಡ್ಡದ ತುದಿ ಕಾಣುವುದೇ ಅಪರೂಪ. ಉಲ್ಹಾಸ್ ನದಿ ಕೆಂಪಗೆ ತುಂಬಿ ಹರಿಯುತ್ತದೆ. ಮೊದಲ ಬೋನಸ್ಸಿನಲ್ಲಿ ಒಂದು ಯಾಶಿಕಾ ಕ್ಯಾಮೆರಾ ಕೊಂಡೆ. ಒಂದು ರೋಲಿಗೆ 36 ಫೋಟೋ. ಅದರಲ್ಲಿ ಮೂವತ್ತು ಮೋಡಕ್ಕೇ ಹೋಗುತ್ತಿದ್ದವು. ಹೆಂಡತಿಗೆ ಸಿಟ್ಟು, "ಮಗಳದ್ದು ಎರಡು, ಮೋಡದ್ದು ಮೂವತ್ತು!"

ರೋಲು ತೊಳೆಸಿ ತಂದರೆ ಮಾತ್ರ ನಿರಾಸೆ. ಕಣ್ಣಿಗೆ ಕಂಡ ಕಾಡಿಗೆಯಂಥ ಮೋಡ ಕಾಗದದ ಮೇಲೆ ಬೂದಿ ಬಣ್ಣ. ಕಲ್ಯಾಣದ ಸ್ಟುಡಿಯೋ ಒಂದರ ಮುದುಕರೊಬ್ಬರು ಗುಟ್ಟು ಹೇಳಿಕೊಟ್ಟರು. ಕ್ಯಾಮೆರಾದ ಮೀಟರಿಗೆ ಕಪ್ಪು ಗೊತ್ತಿಲ್ಲ, ಬಿಳಿ ಗೊತ್ತಿಲ್ಲ, ಎಲ್ಲವನ್ನೂ ನಡುವಿನ ಬೂದಿ ಬಣ್ಣಕ್ಕೆ ತರಲು ನೋಡುತ್ತದೆ. ಮೋಡ ಕಪ್ಪಗೇ ಬರಬೇಕಾದರೆ ನಾವೇ ಒಂದು ಸ್ಟಾಪ್ ಬೆಳಕು ಕಡಿಮೆ ಕೊಡಬೇಕು. ಇನ್ನೊಂದು, ಮಳೆಯ ಹನಿ ಪಾರದರ್ಶಕ, ಬಿಳಿ ಆಕಾಶದ ಎದುರು ಕಾಣುವುದಿಲ್ಲ. ಹಿಂದೆ ಕಪ್ಪಾದ ಗುಡ್ಡವೋ ಮರವೋ ಇದ್ದು, ಬೆಳಕು ಪಕ್ಕದಿಂದಲೋ ಎದುರಿನಿಂದಲೋ ಬಂದರೆ ಕಾಣುತ್ತದೆ. ಸೆಕೆಂಡಿನ 60ನೇ ಒಂದು ಭಾಗ ಶಟರ್ ತೆರೆದರೆ ಹನಿ ಗೆರೆಯಾಗುತ್ತದೆ, 1000ನೇ ಒಂದು ಭಾಗಕ್ಕೆ ಚುಕ್ಕೆಯಾಗಿ ನಿಂತುಬಿಡುತ್ತದೆ. ಈಗಿನ ಫೋನುಗಳಿಗೂ ಮೀಟರಿನ ಅದೇ ಚಾಳಿ. ಕಪ್ಪು ಮೋಡವನ್ನು ತಾವೇ ಬೆಳಗಿಸಿ ಹಬ್ಬದ ಮೋಡ ಮಾಡಿ ಕೊಡುತ್ತವೆ.

ಇಷ್ಟು ಕಲಿತ ಮೇಲೆ ನನ್ನ ಮೋಡಗಳು ಕಪ್ಪಗೆ ಬಂದವು. ಬ್ಯಾಂಕಿನ ಮನೆಪತ್ರಿಕೆಯಲ್ಲಿ ಒಂದು ಅಚ್ಚೂ ಆಯಿತು. ಫೋಟೋಗ್ರಾಫರ್ ಆದೆ ಅಂದುಕೊಂಡೆ.

ಆಮೇಲೆ 2005ರ ಜುಲೈ 26 ಬಂತು. ಮುಂಬೈಯವರಿಗೆ ವಿವರಿಸಿ ಹೇಳಬೇಕಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ 75 ಕೂಡ ಇರಲಿಲ್ಲ! ನಾನಿದ್ದದ್ದು ಫೋರ್ಟಿನ ಆಫೀಸಿನಲ್ಲಿ. ಅಲ್ಲಿ ಸಾಧಾರಣ ಮಳೆ. ಕಿಟಕಿಯಿಂದ ಒಂದು ಫೋಟೋ ತೆಗೆದೆ, ಒದ್ದೆ ರಸ್ತೆ ಮತ್ತು ನಾಲ್ಕು ಛತ್ರಿ. ಆ ರಾತ್ರಿ ಆಫೀಸಿನ ಟೇಬಲ್ ಮೇಲೆ ಮಲಗಿದೆ, ಮನೆಯ ಫೋನು ಹತ್ತಲಿಲ್ಲ. ಮರುದಿನ ಒಂದಿಷ್ಟು ನಡೆದು, ಒಂದಿಷ್ಟು ಲಾರಿ ಹತ್ತಿ ಮನೆ ಮುಟ್ಟಿದಾಗ ಬದಲಾಪುರದೊಳಗೆ ಉಲ್ಹಾಸ್ ನದಿ ಬಂದು ಹೋಗಿತ್ತು. ನಮ್ಮದು ಮೂರನೇ ಮಹಡಿ, ಉಳಿದುಕೊಂಡೆವು. ಕೆಳಗಿನ ಮನೆಯವರದು ಏನೂ ಉಳಿದಿರಲಿಲ್ಲ. ಆ ಮನೆಯ ಹುಡುಗ ನನ್ನ ಕ್ಯಾಮೆರಾ ಕೇಳಿ ಇಸಿದುಕೊಂಡು ಒಂದೇ ಒಂದು ಫೋಟೋ ತೆಗೆದ. ಖಾಲಿ ಗೋಡೆ, ಮೊಳೆಗೆ ನೇತಾಡುವ ಕ್ಯಾಲೆಂಡರು. ಕ್ಯಾಲೆಂಡರಿನ ಅರ್ಧದವರೆಗೆ ಕೆಸರಿನ ನೆಟ್ಟಗಿನ ಗೆರೆ. ಜುಲೈ ತಿಂಗಳ ಮೇಲಿನ ಎರಡು ಸಾಲು ಬಿಳಿ, ಕೆಳಗಿನದೆಲ್ಲ ಮಣ್ಣು.

ಅದರಲ್ಲಿ ಮಳೆಯೂ ಇಲ್ಲ, ಮೋಡವೂ ಇಲ್ಲ. ಆದರೂ ಆ ದಿನದ ಮಳೆ ಅಂದರೆ ನನಗೆ ಅದೇ ಫೋಟೋ. ನನ್ನ ಛತ್ರಿಯ ಫೋಟೋ ತೋರಿಸಿ ಇದು ಜುಲೈ 26 ಅಂದರೆ ಯಾರೂ ನಂಬುವುದಿಲ್ಲ.

ಹದಿನಾಲ್ಕು ವರ್ಷದ ನಂತರ ಮತ್ತೆ ಅದೇ ತಾರೀಖು. 2019ರ ಜುಲೈ 26ರ ರಾತ್ರಿ ಮುಂಬೈ ಬಿಟ್ಟ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ದಾಟಿ ವಾಂಗಣಿಯ ಹತ್ತಿರ ನೀರಿನಲ್ಲಿ ನಿಂತುಬಿಟ್ಟಿತು. ಸಾವಿರಕ್ಕೂ ಹೆಚ್ಚು ಜನ. ಮೀರಜದಲ್ಲಿ ಇಳಿದು ಬೆಳಗಾವಿ, ಹುಬ್ಬಳ್ಳಿ ಕಡೆ ಹೋಗಲು ನಾವೂ ಎಷ್ಟೋ ಸಲ ಹತ್ತಿದ ಗಾಡಿ ಅದು. ಮರುದಿನ ಎನ್‌ಡಿಆರ್‌ಎಫ್‌ನವರು, ನೌಕಾಪಡೆಯವರು ದೋಣಿ ತಂದು ಎಲ್ಲರನ್ನೂ ಇಳಿಸಿದರು. ಹೆಲಿಕಾಪ್ಟರಿನಿಂದ ತೆಗೆದ ಚಿತ್ರ ನೀವೂ ನೋಡಿರುತ್ತೀರಿ. ಎಲ್ಲೆಲ್ಲೂ ಕಂದು ನೀರು, ನಡುವೆ ಮಕ್ಕಳ ಆಟಿಕೆಯ ಹಾಗೆ ಉದ್ದಕ್ಕೆ ಒಂದು ರೈಲು. ರೈಲಿನ ಡಬ್ಬಿ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ಅದಕ್ಕೇ ಆ ನೀರು ಎಷ್ಟು ಅಂತ ತಿಳಿಯುತ್ತದೆ. ರೈಲು ತೆಗೆದುಹಾಕಿದರೆ ಅದು ಬರೀ ಒಂದು ಕೆರೆ.

ಈ ವಿಷಯ ದೊಡ್ಡವರಿಗೂ ಗೊತ್ತಿತ್ತು ಅನ್ನಿಸುತ್ತದೆ. ಬ್ರಯಾನ್ ಬ್ರೇಕ್ ಅನ್ನುವ ನ್ಯೂಜಿಲೆಂಡಿನವರು ತೆಗೆದ 'ಮಾನ್ಸೂನ್ ಹುಡುಗಿ' 1961ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂತು. ಕಣ್ಣು ಮುಚ್ಚಿ ಮುಖ ಮೇಲೆತ್ತಿದ ಹುಡುಗಿ, ಮುಖದ ಮೇಲೆ ಹನಿ. ಆ ಹುಡುಗಿ ಮುಂದೆ ನಟಿ, ನಿರ್ದೇಶಕಿ ಆದ ಅಪರ್ಣಾ ಸೇನ್. ತಮಾಷೆ ಏನೆಂದರೆ ಆ ಹನಿ ಮಳೆಯದಲ್ಲ! ಕಲ್ಕತ್ತೆಯ ಒಂದು ತಾರಸಿಯ ಮೇಲೆ, ಗಿಡಕ್ಕೆ ನೀರು ಹಾಕುವ ಡಬ್ಬದಿಂದ ಸುರಿದದ್ದು. ಆದರೂ ಜಗತ್ತು ಅದನ್ನು ನಮ್ಮ ಮಳೆಗಾಲ ಅಂತಲೇ ನೋಡಿತು, ಯಾಕೆಂದರೆ ಬೇಸಿಗೆ ಕಳೆದ ಮುಖ ಹೇಗಿರುತ್ತದೆ ಅನ್ನುವುದು ಅದರಲ್ಲಿತ್ತು. ಸ್ಟೀವ್ ಮೆಕರಿ 1983ರಲ್ಲಿ ಗುಜರಾತಿನ ಪೋರಬಂದರಿನಲ್ಲಿ ತೆಗೆದದ್ದು ಇನ್ನೊಂದು. ಕುತ್ತಿಗೆ ಮಟ್ಟದ ನೀರಿನಲ್ಲಿ ಮುದುಕ ದರ್ಜಿ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ನಗುತ್ತಾ ಬರುತ್ತಿದ್ದಾನೆ. ಯಂತ್ರದ ಕಂಪನಿಯವರು ಆ ಫೋಟೋ ನೋಡಿ ಅವನಿಗೆ ಹೊಸ ಯಂತ್ರ ಕೊಟ್ಟರಂತೆ.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು ಹೇಳಲಾ?

2023ರ ಜುಲೈ. ನಮ್ಮಲ್ಲಿ ಜೂನ್ ಒಣ ಹೋಗಿತ್ತು. ಊರಿನಿಂದ ಅಣ್ಣ ಫೋನ್ ಮಾಡಿದ. "ತಮ್ಮಾ, ಹೆಸರು ಬಿತ್ತೂದು ತಡಾ ಆಗೇತಿ. ಬೀಜ ಗೊಬ್ಬರಕ್ಕ ಒಂದ್ ನಲವತ್ತು ಸಾವಿರ ಹೊಂದಸ್ತೀಯೇನು? ಸುಗ್ಗಿಗೆ ಕೊಡ್ತೀನಿ." ಮಗಳ ಫೀಜು ಕಟ್ಟುವುದಿತ್ತು. "ನೋಡ್ತೀನಿ ಅಣ್ಣಾ" ಅಂದೆ. ಬ್ಯಾಂಕಿನವರ 'ನೋಡ್ತೀನಿ' ಅಂದರೆ ಏನು ಅಂತ ನಿಮಗೆ ಗೊತ್ತಲ್ಲ!

ಅದಾಗಿ ನಾಲ್ಕೈದು ದಿನಕ್ಕೆ ಬದಲಾಪುರದಲ್ಲಿ ಭಾರಿ ಮಳೆ. ನದಿ ಉಕ್ಕಿತ್ತು, ಆಫೀಸಿಗೆ ಹೋಗಲಾಗಲಿಲ್ಲ. ತಾರಸಿಗೆ ಹೋಗಿ ಒಂದು ಫೋಟೋ ತೆಗೆದೆ, ಚಂದೇರಿಯ ಮೇಲೆ ಮೋಡ, ಅದರ ಕೆಳಗೆ ಒಂದು ಎಳೆ ಬೆಳಕು. ನನ್ನ ಜೀವಮಾನದ ಫೋಟೋ ಅನ್ನಿಸಿತು. ಖುಷಿಯಲ್ಲಿ ಗೊತ್ತಿದ್ದವರಿಗೆಲ್ಲ ಕಳಿಸಿದೆ. ಅಣ್ಣನಿಗೂ! ಎರಡು ತಾಸಿನ ಮೇಲೆ ಅವನ ಉತ್ತರ ಬಂತು, "ಮೋಡ ಛಲೋ ಅದಾವ." ಅಷ್ಟೇ. ಶಹಬ್ಬಾಸ್‌ಗಿರಿ ಅಂದುಕೊಂಡೆ.

ಆ ವರ್ಷದ ಆಗಸ್ಟ್ ದೇಶದಲ್ಲೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಮುಂದೆ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಆಗಸ್ಟ್ ಕೊನೆಗೆ ಅಣ್ಣನಿಂದ ಒಂದು ಫೋಟೋ ಬಂತು, ಮಾತು ಒಂದೂ ಇಲ್ಲ. ಮಧ್ಯಾಹ್ನದ ಬಿಸಿಲು. ಅವನ ಫೋನಿನ ಗಾಜು ಒಡೆದಿದೆ, ಹಾಗಾಗಿ ಒಂದು ಮೂಲೆ ಮಸುಕು. ಮೇಲೆ ಬಿಳಿ ಮೋಡ, ಹಿಂಜಿದ ಅರಳೆಯ ಹಾಗೆ. ಕೆಳಗೆ ಗೇಣುದ್ದದ ಹೆಸರಿನ ಗಿಡ, ಹಳದಿಯಾಗಿ ಮುದುಡಿದ್ದು. ಎರೆಮಣ್ಣು ಬಿರುಕು ಬಿಟ್ಟಿದೆ. ಆ ಬಿರುಕಿನೊಳಗೆ ಅಣ್ಣ ತನ್ನ ಬಾರಕೋಲು ಇಳಿಬಿಟ್ಟಿದ್ದಾನೆ. ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಿದೆ. ಫೋಟೋದ ಕೆಳ ಅಂಚಿನಲ್ಲಿ ಅವನದೇ ಗಿಡ್ಡ ನೆರಳು.

ನಾಚಿಕೆಯ ಮಾತು ಹೇಳುತ್ತೇನೆ. ನನಗೆ ಮೊದಲು ಬಂದ ಯೋಚನೆ, 'ಅಳತೆಗೆ ಕೋಲು ಇಟ್ಟಾನಲ್ಲ, ಎಷ್ಟು ಚೆನ್ನಾಗಿ ಬಂದಿದೆ' ಅಂತ. ಬ್ಯಾಂಕಿನಲ್ಲಿ ಬೆಳೆಸಾಲದ ಕಡತಗಳಲ್ಲಿ ಇಂಥ ಫೋಟೋ ಎಷ್ಟೋ ನೋಡಿ ಸಹಿ ಹಾಕಿದವನು ನಾನು. ಆಮೇಲೆ ಬೆರಳಿನಿಂದ ದೊಡ್ಡದು ಮಾಡಿ ನೋಡಿದಾಗ ಆ ಬಾರಕೋಲಿನ ತುದಿಗೆ ಸುತ್ತಿದ ಕೆಂಪು ದಾರ ಕಂಡಿತು. ಅದು ಅಪ್ಪನ ಬಾರಕೋಲು. ಅದು ಎಷ್ಟುದ್ದ ಅಂತ ನನ್ನ ಬೆನ್ನಿಗೇ ಗೊತ್ತು. ಆಗ ಬಿರುಕಿನ ಆಳ ತಿಳಿಯಿತು.

ಅವತ್ತೇ ಸಂಜೆ ದುಡ್ಡು ಕಳಿಸಿದೆ. ಆದರೆ ಹೆಸರಿಗೆ ಅದರಿಂದ ಏನಾಗಬೇಕಿತ್ತು? ಜುಲೈ ಕೊನೆಗೆ ಒಂದಿಷ್ಟು ಮಳೆ ಬಿದ್ದಾಗ ಅವನು ಬೇರೆ ಕಡೆ ಬಡ್ಡಿಗೆ ತಂದು ಬಿತ್ತಿದ್ದ. ಆ ಸಾಲ ತೀರಿಸಲಿಕ್ಕೆ ನನ್ನ ದುಡ್ಡು ಹೋಯಿತು. ದೀಪಾವಳಿಗೆ ಊರಿಗೆ ಹೋದಾಗ ಅವನು ಆ ಮಾತೇ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. "ಕ್ಯಾಮೆರಾ ತಂದಿಲ್ಲೇನು?" ಅಂತ ಮಾತ್ರ ಕೇಳಿದ. ತಂದಿರಲಿಲ್ಲ.

ಈಗ ಸ್ಪರ್ಧೆಗೆ ಬರೋಣ. 43ರಲ್ಲಿ 29ನೆಯದು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕರ್ಜತ್ ಲೋಕಲ್‌ನ ಕಿಟಕಿಯಿಂದ ತೆಗೆದದ್ದು. ಒಂದು ಬದಿಗೆ ಕಿಟಕಿಯ ಸರಳು ಅಡ್ಡ ಬಂದಿದೆ. ಹಿಂದೆ ಗುಡ್ಡದ ಕಪ್ಪು ಇಳಿಜಾರು, ಅದರ ಎದುರು ಮಳೆ ಬಿಳಿ ಗೆರೆಗೆರೆಯಾಗಿ ಕಾಣುತ್ತದೆ. ಮುಂದೆ ಭತ್ತದ ಗದ್ದೆ. ನೀಲಿ ಪ್ಲಾಸ್ಟಿಕ್ ಹೊದ್ದು ಏಳೆಂಟು ಹೆಂಗಸರು ಬಗ್ಗಿ ನಾಟಿ ಮಾಡುತ್ತಿದ್ದಾರೆ. ಒಬ್ಬಾಕೆ ಮಾತ್ರ ಎದ್ದು, ಸೊಂಟಕ್ಕೆ ಕೈಕೊಟ್ಟು, ಮೇಲೆ ನೋಡುತ್ತಿದ್ದಾಳೆ. ಮಳೆ ಸಾಕು ಅನ್ನುತ್ತಾಳೋ, ಇನ್ನೂ ಬರಲಿ ಅನ್ನುತ್ತಾಳೋ ಗೊತ್ತಾಗುವುದಿಲ್ಲ.

ನಾನು ಅದಕ್ಕೆ ಮೊದಲ ಬಹುಮಾನ ಅಂದೆ. ಸೆಕ್ರೆಟರಿಗೆ ಸಮಾಧಾನವಿಲ್ಲ. "ಸಾಹೇಬ, ಸರಳು ಅಡ್ಡ ಬಂದಿದೆ, ಗುಡ್ಡದ ತುದಿಯೂ ಇಲ್ಲ. ಜಲಪಾತದ್ದು ಎಷ್ಟು ಕ್ಲಿಯರ್ ಇದೆ ನೋಡಿ!" ಅವರು ಹೇಳಿದ್ದು ಸುಳ್ಳಲ್ಲ. ನನಗೆ ತಿಳಿದಷ್ಟು ಹೇಳಿದೆ. ಮಳೆಯನ್ನು ಬರೀ ಮೇಲೆ ನೋಡಿದರೆ ಅದು ಚಂದ ಅಷ್ಟೇ. ಅದು ಯಾರ ಮೇಲೆ ಬೀಳುತ್ತಿದೆ, ಯಾರಿಗೆ ಬೀಳಲಿಲ್ಲ ಅನ್ನುವುದು ಚಿತ್ರದೊಳಗೆ ಬಂದರೆ ನೋಡಿದವನು ಮರೆಯುವುದಿಲ್ಲ. ಅದು ಮನುಷ್ಯನೇ ಆಗಬೇಕಂತಿಲ್ಲ, ಒಂದು ಕ್ಯಾಲೆಂಡರು, ರೈಲು, ಕೋಲು ಏನಾದರೂ ಆದೀತು. ಅವರು ತಲೆ ಆಡಿಸಿದರು. ಒಪ್ಪಿದರೋ, ಜಡ್ಜ್ ಅಂತ ಸುಮ್ಮನಾದರೋ ಗೊತ್ತಿಲ್ಲ. ಜಲಪಾತಕ್ಕೆ ಎರಡನೆಯದು ಕೊಟ್ಟೆವು.

ಬಹುಮಾನದ ಫೋಟೋವನ್ನು ಅಣ್ಣನಿಗೆ ಕಳಿಸಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಕಳಿಸುವ ಮೊದಲು ಫೋನ್ ಮಾಡಿದೆ. "ಅಣ್ಣಾ, ಹಿಂಗಾರಿಗೆ ರೊಕ್ಕ ಏನರ ಬೇಕಾಗೇತೇನು?" ಅಂತ ಮೊದಲು ಕೇಳಿದೆ, ಆಮೇಲೆ ಫೋಟೋದ ಸುದ್ದಿ ಹೇಳಿದೆ. ಆ ಕಡೆ ಗಾಳಿಯ ಸದ್ದು, ಎತ್ತಿನ ಗಂಟೆ ಸದ್ದು.

"ಬ್ಯಾಡ ಬಿಡು, ಈ ಸಲ ನಡೀತೈತಿ. ನಿನ್ನಿ ಉತ್ತರಿ ಮಳಿ ಹದಾ ಆಗೇತಿ. ಜ್ವಾಳ ಬಿತ್ತಾಕ ಹೊಂಟೀನಿ, ಫೋಟೋ ರಾತ್ರಿ ನೋಡ್ತೀನಿ. ಈಗ ಫೋನ್ ಇಡು!"

ಇಟ್ಟೆ.